ಗಟಗಟ ಕುಡಿದ ದೇವಿ, ನಕ್ಕ ಹುಡುಗ: 1610ರ ಒಂದು ಅಚ್ಚುಚಿತ್ರವನ್ನು ನೋಡುವ ಬಗೆ

(ಚಿತ್ರಕಲೆಯ ಆಸಕ್ತರ ಸಂಜೆ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಪರದೆ ಮೇಲೆ ಬೆರಳಿಟ್ಟು ತೋರಿಸಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.)

ಹಿಂದಿನ ಸಾಲಿನವರಿಗೆ ಪರದೆ ಮೇಲೆ ಬರೀ ಕಪ್ಪು ಕಾಣುತ್ತಿರಬೇಕು. ಪ್ರೊಜೆಕ್ಟರ್ ಕೆಟ್ಟಿಲ್ಲ. ಈ ಚಿತ್ರ ಇರುವುದೇ ಹಾಗೆ. ಅರ್ಧ ನಿಮಿಷ ಸುಮ್ನೆ ನೋಡುತ್ತಿರಿ. ಮೊದಲು ಒಂದು ಮೇಣದ ಬತ್ತಿ ಕಾಣುತ್ತದೆ. ಆಮೇಲೆ ಅದನ್ನು ಹಿಡಿದ ಮುದುಕಿಯ ಮುಖ. ಅವಳ ಎದುರು ನಿಂತು ಹೂಜಿ ಎತ್ತಿ ಕುಡಿಯುತ್ತಿರುವ ಹೆಂಗಸು. ಇವರಿಬ್ಬರ ಹತ್ತಿರ, ಮೈ ಮೇಲೆ ಬಟ್ಟೆಯಿಲ್ಲದ ಒಬ್ಬ ಹುಡುಗ ಆ ಹೆಂಗಸಿನ ಕಡೆ ಬೆರಳು ಮಾಡಿ ನಗುತ್ತಿದ್ದಾನೆ. ಹಿಂದೆ ದೂರದಲ್ಲಿ ಬೆಂಕಿ ಹಾಕಿಕೊಂಡ ಜನ. ಮೇಲೆ ಚಂದ್ರ.

ಇದು ತಾಮ್ರದ ತಗಡಿನ ಮೇಲೆ ಕೆತ್ತಿ, ಕಾಗದಕ್ಕೆ ಅಚ್ಚು ಒತ್ತಿದ ಚಿತ್ರ. ಎತ್ತರ ಸುಮಾರು ಒಂದು ಅಡಿ. ಕೆತ್ತಿದವನು ಹೆಂಡ್ರಿಕ್ ಗೌಟ್ ಎಂಬ ಡಚ್ಚರವನು. ಅವನು ಆಗ ರೋಮ್‌ನಲ್ಲಿದ್ದ. ಇಸವಿ 1610. ಚಿತ್ರದ ಕಲ್ಪನೆ ಅವನದಲ್ಲ. ಜರ್ಮನಿಯ ಫ್ರಾಂಕ್‌ಫರ್ಟ್‌ನಿಂದ ಬಂದು ರೋಮ್‌ನಲ್ಲಿ ನೆಲೆಸಿದ್ದ ಆಡಮ್ ಎಲ್ಸ್‌ಹೈಮರ್ ಎಂಬ ಕಲಾವಿದನ ಚಿತ್ರವನ್ನು ನೋಡಿ ಗೌಟ್ ಕೆತ್ತಿದ್ದು. ಗೌಟ್‌ನ ಹೆಸರಿನಲ್ಲಿ ಇರುವ ಅಚ್ಚುಗಳು ಒಟ್ಟು 7. ಏಳೂ ಎಲ್ಸ್‌ಹೈಮರ್‌ನ ಚಿತ್ರಗಳಿಂದ ಮಾಡಿದವು. ಬೇರೆ ಯಾರದ್ದನ್ನೂ ಈತ ಕೆತ್ತಲಿಲ್ಲ. ಆ ಕಾಲದಲ್ಲಿ ಕೆತ್ತನೆಗಾರರು ಹೊಟ್ಟೆಪಾಡಿಗೆ ನೂರಾರು ತಗಡು ಕೆತ್ತುತ್ತಿದ್ದರು. ಗೌಟ್ ಸ್ಥಿತಿವಂತರ ಮನೆಯವನು. ಅವನಿಗೆ ಆ ಅವಸರ ಇರಲಿಲ್ಲ. ಆ ನಿಧಾನ ಈ ತಗಡಿನಲ್ಲಿ ಕಾಣುತ್ತದೆ.

ಈಗ ಕಥೆಗೆ ಬರೋಣ. ಕುಡಿಯುತ್ತಿರುವ ಹೆಂಗಸು ಸೆರೆಸ್. ರೋಮನ್ನರಿಗೆ ಇವಳು ಧಾನ್ಯದ ದೇವಿ. ಗ್ರೀಕರು ಡಿಮೀಟರ್ ಅನ್ನುತ್ತಾರೆ. ಇವಳ ಮಗಳು ಪ್ರೊಸರ್ಪಿನಾ ಸಿಸಿಲಿಯಲ್ಲಿ ಹೂ ಕೊಯ್ಯುತ್ತಿದ್ದಾಗ ಪಾತಾಳದ ದೊರೆ ಪ್ಲೂಟೊ ಅವಳನ್ನು ರಥದಲ್ಲಿ ಹೊತ್ತುಕೊಂಡು ಹೋದ. ತಾಯಿಗೆ ಇದು ಗೊತ್ತಿಲ್ಲ. ಎಟ್ನಾ ಬೆಟ್ಟದ ಬೆಂಕಿಯಲ್ಲಿ ಎರಡು ಪೈನ್ ಮರಗಳನ್ನು ಪಂಜಿನ ಹಾಗೆ ಹೊತ್ತಿಸಿಕೊಂಡು ಹಗಲೂ ರಾತ್ರಿ ಹುಡುಕುತ್ತಾಳೆ. ದಣಿದು, ಬಾಯಾರಿ, ಒಂದು ಹುಲ್ಲು ಗುಡಿಸಲಿನ ಬಾಗಿಲು ತಟ್ಟುತ್ತಾಳೆ. ಮುದುಕಿ ಹೊರಗೆ ಬರುತ್ತಾಳೆ. ನೀರು ಕೇಳಿದವಳಿಗೆ, ಮೇಲೆ ಹುರಿದ ಬಾರ್ಲಿ ಹಿಟ್ಟು ಉದುರಿಸಿದ ಸಿಹಿ ಪಾನಕ ಕೊಡುತ್ತಾಳೆ. ಸೆರೆಸ್ ಕುಡಿಯುತ್ತಿರುವಾಗ ಒಬ್ಬ ಪೋಕರಿ ಹುಡುಗ ಮುಂದೆ ಬಂದು ನಿಂತು ನಗುತ್ತಾನೆ. ‘ಆಸೆಬುರುಕಿ’ ಅಂತ ಆಡಿಕೊಳ್ಳುತ್ತಾನೆ. ದೇವಿಗೆ ಸಿಟ್ಟು ಬರುತ್ತದೆ. ಇನ್ನೂ ಕುಡಿದು ಮುಗಿಯದ ಪಾನಕವನ್ನು ಹಿಟ್ಟಿನ ಸಮೇತ ಅವನ ಮುಖಕ್ಕೆ ಎರಚುತ್ತಾಳೆ. ಮುಖದ ಮೇಲೆ ಚುಕ್ಕೆ ಏಳುತ್ತವೆ. ಕೈಗಳು ಕಾಲಾಗುತ್ತವೆ. ಬಾಲ ಬರುತ್ತದೆ. ಯಾರಿಗೂ ಕೇಡು ಮಾಡುವ ಶಕ್ತಿ ಇರಬಾರದು ಅಂತ ಮೈ ಕುಗ್ಗುತ್ತಾ ಹೋಗಿ ಅವನು ಚುಕ್ಕೆ ಚುಕ್ಕೆಯ ಹಲ್ಲಿಯಾಗುತ್ತಾನೆ. ಮುದುಕಿ ಬೆರಗಾಗಿ, ಅಳುತ್ತಾ ಅದನ್ನು ಮುಟ್ಟಲು ಕೈ ಚಾಚುತ್ತಾಳೆ. ಅದು ಓಡಿ ಸಂದಿ ಸೇರಿಕೊಳ್ಳುತ್ತದೆ.

ಪ್ರಾಚೀನ ರೋಮ್‌ನ ಕವಿ ಓವಿಡ್, ರೂಪ ಬದಲಾಗುವ ಕಥೆಗಳ ತನ್ನ ‘ಮೆಟಮಾರ್ಫೊಸೀಸ್’ ಕಾವ್ಯದ ಐದನೆಯ ಭಾಗದಲ್ಲಿ ಇದನ್ನು ಸುಮಾರು 25 ಸಾಲುಗಳಲ್ಲಿ ಹೇಳಿ ಮುಂದೆ ಹೋಗಿಬಿಡುತ್ತಾನೆ. ಮುದುಕಿಗೂ ಹುಡುಗನಿಗೂ ಹೆಸರು ಕೂಡ ಕೊಟ್ಟಿಲ್ಲ. ಪುರಾಣ ಚಿತ್ರಗಳನ್ನು ನೋಡುವಾಗ ನಮಗೆ ಒಂದು ಅಭ್ಯಾಸ ಇದೆ. ಕಥೆ ಗೊತ್ತಾದ ಕೂಡಲೇ ‘ಸರಿ, ಅರ್ಥವಾಯಿತು’ ಅಂತ ಮುಂದಿನ ಚಿತ್ರಕ್ಕೆ ಹೋಗುತ್ತೇವೆ. ಆದರೆ ಈ ಚಿತ್ರದಲ್ಲಿ ಕೆಲಸ ಶುರುವಾಗುವುದೇ ಕಥೆ ಗೊತ್ತಾದ ಮೇಲೆ. ಓವಿಡ್‌ನ ಕಾವ್ಯಕ್ಕೆ ಚಿತ್ರ ಬರೆದವರು ಸಾಮಾನ್ಯವಾಗಿ ಯಾವ ಕ್ಷಣ ಹಿಡಿಯುತ್ತಾರೆ? ರೂಪ ಬದಲಾಗುವ ಕ್ಷಣ. ಮರವಾಗುವ ಡಾಫ್ನೆಯ ಬೆರಳ ತುದಿಯಲ್ಲಿ ಎಲೆ ಚಿಗುರುವ ಕ್ಷಣ. ಜಿಂಕೆಯಾಗುವ ಆಕ್ಟಿಯಾನ್‌ನ ತಲೆ ಮೇಲೆ ಕೊಂಬು ಮೂಡುವ ಕ್ಷಣ. ಇಲ್ಲಿ ಅಂಥದ್ದು ಏನಿದೆ ಹುಡುಕಿ ನೋಡಿ. ಹಲ್ಲಿ ಇಲ್ಲ, ಬಾಲ ಇಲ್ಲ, ಎರಚಿದ ಪಾನಕ ಇಲ್ಲ. ಮುಂದೆ ಏನಾಗುತ್ತದೆ ಅಂತ ಚಿತ್ರದಲ್ಲಿ ಯಾರಿಗೂ ಗೊತ್ತಿಲ್ಲ. ದೇವಿಗೂ ಗೊತ್ತಿಲ್ಲ, ಯಾಕೆಂದರೆ ಅವಳಿಗೆ ಇನ್ನೂ ಸಿಟ್ಟು ಬಂದಿಲ್ಲ. ಅವಳು ಕುಡಿಯುತ್ತಿದ್ದಾಳೆ, ಅಷ್ಟೇ.

ಅವಳು ಕುಡಿಯುವ ರೀತಿ ಗಮನಿಸಿ. ಯುರೋಪಿನ ಚಿತ್ರಗಳಲ್ಲಿ ದೇವತೆಗಳು ಮೈ ಕೈ ಬಳುಕಿಸಿ ನಿಂತು ಬಟ್ಟಲು ಹಿಡಿಯುವುದೇ ಜಾಸ್ತಿ. ಇವಳು ಹೂಜಿಯನ್ನೇ ಎತ್ತಿ ಬಾಯಿಗಿಟ್ಟಿದ್ದಾಳೆ. ಇಡೀ ಚಿತ್ರದ ನಾಯಕಿ ಇವಳು. ಅವಳ ಮುಖವನ್ನೇ ಒಂದು ಮಡಕೆ ಮರೆ ಮಾಡಿದೆ! ತಲೆಯ ಸುತ್ತ ಪ್ರಭೆ ಇಲ್ಲ, ಮೋಡ ಇಲ್ಲ, ಹಾರುವ ಗಂಧರ್ವರಿಲ್ಲ. ಕಥೆ ಗೊತ್ತಿಲ್ಲದವರಿಗೆ ಇದು ರಾತ್ರಿ ಹೊತ್ತು ದಾರಿ ತಪ್ಪಿ ಬಂದ ಒಬ್ಬಳು ದಾರಿಹೋಕಳ ಚಿತ್ರ. ಆ ಹುಡುಗನಿಗೂ ಕಂಡದ್ದು ಅಷ್ಟೇ ಅಲ್ವಾ? ಅವನು ದೇವಿಯನ್ನು ನೋಡಿ ನಗಲಿಲ್ಲ. ಗಟಗಟ ಕುಡಿಯುತ್ತಿರುವ, ಗುರುತಿಲ್ಲದ ಹೆಂಗಸನ್ನು ನೋಡಿ ನಕ್ಕ. ಎಲ್ಸ್‌ಹೈಮರ್ ನಮಗೆ ಕಾಣಿಸುವುದೂ ಆ ಹುಡುಗನಿಗೆ ಕಂಡದ್ದನ್ನೇ. ಅವನಿಗಿಂತ ನಾವು ಜಾಣರಾಗಿದ್ದರೆ ಅದು ಯಾರೋ ಮೊದಲೇ ಕಥೆ ಹೇಳಿದ್ದರಿಂದ.

ಇಲ್ಲಿ ಒಂದು ಮಾತು. ನಮ್ಮ ಪುರಾಣಗಳನ್ನು ಕೇಳಿ ಬೆಳೆದವರು, ವೇಷ ಮರೆಸಿಕೊಂಡ ದೇವರು ಬಾಗಿಲಿಗೆ ಬಂದರೆ ಅದು ಪರೀಕ್ಷೆ ಅಂತ ತಕ್ಷಣ ಅಂದುಕೊಳ್ಳುತ್ತೇವೆ. ಓವಿಡ್‌ನಲ್ಲೂ ಅಂಥ ಕಥೆ ಇದೆ. ಜ್ಯೂಪಿಟರ್ ಮತ್ತು ಮರ್ಕ್ಯುರಿ ಬಡ ಮುದುಕ ಮುದುಕಿಯರ ಮನೆಗೆ ಬರುವ ಫಿಲೆಮನ್ ಮತ್ತು ಬೌಕಿಸ್‌ರ ಕಥೆ. ಅದನ್ನೂ ಎಲ್ಸ್‌ಹೈಮರ್ ಬರೆದ, ಗೌಟ್ 1612ರಲ್ಲಿ ಕೆತ್ತಿದ. ಆದರೆ ಸೆರೆಸ್ ಯಾರನ್ನೂ ಪರೀಕ್ಷಿಸಲು ಬಂದವಳಲ್ಲ. ವೇಷವನ್ನೂ ಹಾಕಿಕೊಂಡಿಲ್ಲ. ಮಗಳನ್ನು ಕಳೆದುಕೊಂಡಿದ್ದಾಳೆ, ಬಾಯಾರಿದೆ. ಆದ್ದರಿಂದ ‘ಅತಿಥಿಯನ್ನು ದೇವರಂತೆ ನೋಡಬೇಕು ಎಂಬುದೇ ಈ ಚಿತ್ರದ ಸಂದೇಶ’ ಅಂತ ಯಾರಾದರೂ ಬರೆದರೆ ನನಗೆ ಒಪ್ಪಿಗೆ ಇಲ್ಲ. ಮುದುಕಿ ಅತಿಥಿಯನ್ನು ಚೆನ್ನಾಗಿಯೇ ನೋಡಿಕೊಂಡಳು. ನೀರು ಕೇಳಿದರೆ ಪಾನಕ ಕೊಟ್ಟಳು. ಅವಳಿಗೆ ಸಿಕ್ಕಿದ್ದೇನು?

ಈಗ ಬೆಳಕಿನ ವಿಷಯ. ಚಿತ್ರದಲ್ಲಿ ನಾಲ್ಕು ಬೆಳಕುಗಳಿವೆ. ಮುದುಕಿಯ ಕೈಯ ಬತ್ತಿ, ದೇವಿಯ ಪಂಜು, ದೂರದ ಬೆಂಕಿ, ಚಂದ್ರ. ನಾಲ್ಕೂ ಬೇರೆ ಬೇರೆ ಜಾತಿಯವು. ಬತ್ತಿ ಮನೆಯದು, ಹತ್ತಿರದ ಮುಖಗಳನ್ನು ಮಾತ್ರ ಕಾಣಿಸುತ್ತದೆ. ಪಂಜು ಹುಡುಕಾಟದ್ದು, ಎಟ್ನಾದಿಂದ ಬಂದದ್ದು. ದೂರದ ಬೆಂಕಿಯ ಸುತ್ತ ಇರುವವರಿಗೆ ಈ ಕಡೆ ಏನು ನಡೆಯುತ್ತಿದೆ ಎಂಬುದರ ಪರಿವೆಯೇ ಇಲ್ಲ. ಚಂದ್ರ ಯಾರಿಗೂ ಸೇರಿದವನಲ್ಲ.

ಅದೇ ರೋಮ್‌ನಲ್ಲಿ ಸ್ವಲ್ಪ ಮೊದಲು ಕಾರವಾಜ್ಜೊ ಕತ್ತಲೆಯ ಚಿತ್ರಗಳನ್ನು ಬರೆದು ಹೆಸರು ಮಾಡಿದ್ದ. ಅವನು ತೀರಿಕೊಂಡದ್ದೂ 1610ರಲ್ಲೇ. ಅವನ ಎಷ್ಟೋ ಚಿತ್ರಗಳಲ್ಲಿ ಬೆಳಕು ಚೌಕಟ್ಟಿನ ಹೊರಗೆಲ್ಲಿಂದಲೋ ಬಂದು ಬೀಳುತ್ತದೆ. ಮೂಲ ಕಾಣುವುದಿಲ್ಲ. ಎಲ್ಸ್‌ಹೈಮರ್ ದೀಪವನ್ನೇ ಚಿತ್ರದೊಳಗೆ ಇಡುತ್ತಾನೆ. ಇದು ಸಣ್ಣ ವ್ಯತ್ಯಾಸ ಅನ್ನಿಸಬಹುದು, ಆದರೆ ಪರಿಣಾಮ ದೊಡ್ಡದು. ದೀಪ ಒಳಗಿದ್ದರೆ ಯಾರು ಎಷ್ಟು ನೋಡಬಲ್ಲರು ಎಂಬುದಕ್ಕೆ ಲೆಕ್ಕ ಸಿಗುತ್ತದೆ. ಮುದುಕಿಗೆ ಎರಡು ಮಾರಿನ ಆಚೆ ಏನೂ ಕಾಣದು. ದೂರದವರಿಗೆ ಈ ಕಡೆ ಒಂದು ಮಿಣುಕು ಮಾತ್ರ. ಹುಡುಗನಿಗೆ ದೇವಿ ಅರ್ಧ ಮಾತ್ರ ಕಾಣುತ್ತಾಳೆ. ಅವನ ತಪ್ಪಿಗೆ ಕತ್ತಲೆಯದೂ ಪಾಲಿದೆ. ಓವಿಡ್‌ನ ಸಾಲುಗಳಲ್ಲಿ ಇದು ರಾತ್ರಿ ಅಂತ ಸ್ಪಷ್ಟವಾಗಿ ಇಲ್ಲ. ಹಗಲೂ ರಾತ್ರಿ ಅಲೆದಳು ಅಂತ ಇದೆ, ಅಷ್ಟೇ. ರಾತ್ರಿಯನ್ನು ಆರಿಸಿಕೊಂಡವನು ಎಲ್ಸ್‌ಹೈಮರ್. ಈ ಒಂದು ಆಯ್ಕೆಯಿಂದ ಅವನು ಕಥೆಯ ನ್ಯಾಯವನ್ನೇ ಬದಲಿಸಿದ ಅಂತ ನನ್ನ ಅಭಿಪ್ರಾಯ. ಹಗಲಿನಲ್ಲಿ ನಕ್ಕಿದ್ದರೆ ಅದು ಬರೀ ಸೊಕ್ಕು. ಕತ್ತಲಲ್ಲಿ ನಕ್ಕದ್ದು ಅರಿಯದೆ ಆದದ್ದು.

ಅದೇ 1610ರ ಮಾರ್ಚ್‌ನಲ್ಲಿ ಗೆಲಿಲಿಯೊ ತನ್ನ ದೂರದರ್ಶಕದಲ್ಲಿ ಕಂಡ ಚಂದ್ರ ಮತ್ತು ನಕ್ಷತ್ರಗಳ ವಿವರ ಪ್ರಕಟಿಸಿದ. ಅದಕ್ಕೆ ಒಂದು ವರ್ಷ ಮೊದಲೇ ಎಲ್ಸ್‌ಹೈಮರ್ ಬರೆದ ‘ಈಜಿಪ್ಟಿಗೆ ಪಲಾಯನ’ದ ಚಿತ್ರದಲ್ಲಿ ಆಕಾಶಗಂಗೆ ಚುಕ್ಕಿ ಚುಕ್ಕಿಯಾಗಿ ಇದೆ. ಎರಡನ್ನೂ ಗಂಟು ಹಾಕಬೇಕೆಂಬ ಆಸೆ ಯಾರಿಗೂ ಆಗುತ್ತದೆ. ಆ ವಾದ ಮಾಡುವವರೂ ಇದ್ದಾರೆ. ನಾನು ಹಾಕುವುದಿಲ್ಲ. ರಾತ್ರಿ ಎಂಬುದನ್ನು ಆಗ ಹಲವರು ಕಣ್ಣಿಟ್ಟು ನೋಡುತ್ತಿದ್ದರು ಅಂದರೆ ಸಾಕು.

ಎಲ್ಸ್‌ಹೈಮರ್‌ನ ಬಳಿ ಬಣ್ಣ ಇತ್ತು. ತಾಮ್ರದ ಹಲಗೆಯ ಮೇಲೆ ಎಣ್ಣೆ ಬಣ್ಣದಲ್ಲಿ, ಅಂಗೈಯಗಲದ ಚಿತ್ರಗಳನ್ನು ಬರೆಯುತ್ತಿದ್ದ. ಬತ್ತಿಗೆ ಹಳದಿ, ಬೆಂಕಿಗೆ ಕೆಂಪು, ಚಂದ್ರನಿಗೆ ತಣ್ಣನೆಯ ಬೆಳ್ಳಿ ಬಣ್ಣ ಕೊಡಬಹುದಿತ್ತು. ಗೌಟ್‌ನ ಬಳಿ ಇದ್ದದ್ದು ಕಪ್ಪು ಮಸಿ, ಬಿಳಿ ಕಾಗದ. ನಡುವಿನ ಬೂದು ಬಣ್ಣ ಕೂಡ ಇಲ್ಲ. ಈ ಬಗೆಯ ಕೆತ್ತನೆ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹೇಳಬೇಕು. ಅದು ಗೊತ್ತಿಲ್ಲದಿದ್ದರೆ ಈ ಚಿತ್ರದ ಅರ್ಧ ಸೊಗಸು ಕೈತಪ್ಪಿ ಹೋಗುತ್ತದೆ.

ನುಣುಪು ಮಾಡಿದ ತಾಮ್ರದ ತಗಡು. ಬ್ಯೂರಿನ್ ಅನ್ನುವ ಸಣ್ಣ ಉಕ್ಕಿನ ಉಳಿ. ಅದರ ಮರದ ಹಿಡಿ ಅಂಗೈಯಲ್ಲಿ ಕೂರುತ್ತದೆ. ಪೆನ್ಸಿಲಿನಂತೆ ಎಳೆಯುವುದಲ್ಲ, ಮುಂದಕ್ಕೆ ತಳ್ಳುವುದು. ತಳ್ಳಿದ ಹಾಗೆ ತಾಮ್ರ ಸುರುಳಿ ಸುರುಳಿಯಾಗಿ ಎದ್ದು ಬರುತ್ತದೆ, ಹಿಂದೆ ಗೆರೆ ಬೀಳುತ್ತದೆ. ನೇಗಿಲು ಸಾಲು ಹೊಡೆದ ಹಾಗೆ. (ಧಾನ್ಯದ ದೇವಿಯ ಚಿತ್ರಕ್ಕೆ ಈ ಹೋಲಿಕೆ ಒಪ್ಪುತ್ತದೆ ಅಂತ ಹೇಳಿದೆ, ಗೌಟ್‌ಗೆ ಹೀಗೆ ಅನ್ನಿಸಿತ್ತು ಅಂತ ಅಲ್ಲ.) ಗೆರೆ ಬಾಗಬೇಕಾದರೆ ಕೈ ತಿರುಗಿಸುವುದಿಲ್ಲ. ಕೆಳಗೆ ಒಂದು ಚರ್ಮದ ದಿಂಬು ಇರುತ್ತದೆ, ಅದರ ಮೇಲೆ ತಗಡನ್ನೇ ತಿರುಗಿಸುತ್ತಾರೆ. ಜಾಸ್ತಿ ಒತ್ತಿದರೆ ಗೆರೆ ಅಗಲ, ಆಳ. ಹಗುರ ಮಾಡಿದರೆ ಕೂದಲೆಳೆ. ಕೆತ್ತಿದ ಮೇಲೆ ತಗಡಿಗೆಲ್ಲ ಮಸಿ ಬಳಿದು, ಮೇಲ್ಮೈಯನ್ನು ಚೆನ್ನಾಗಿ ಒರೆಸುತ್ತಾರೆ. ಗೆರೆಗಳ ಒಳಗೆ ಮಾತ್ರ ಮಸಿ ಉಳಿಯುತ್ತದೆ. ಒದ್ದೆ ಕಾಗದ ಹಾಸಿ ಎರಡು ರೋಲರ್‌ಗಳ ನಡುವೆ ಬಿಗಿಯಾಗಿ ಹಾಯಿಸಿದರೆ ಕಾಗದ ಆ ಮಸಿಯನ್ನು ಹೀರಿಕೊಂಡು ಬರುತ್ತದೆ. ತಗಡಿನಲ್ಲಿ ಇದ್ದದ್ದು ಕಾಗದದಲ್ಲಿ ಎಡ ಬಲ ಅದಲು ಬದಲಾಗುತ್ತದೆ.

ಅಂದರೆ ಇಲ್ಲಿ ಬೆಳಕನ್ನು ಮಾಡಲು ಆಗುವುದಿಲ್ಲ. ಬಿಡಬೇಕು. ಬತ್ತಿಯ ಜ್ವಾಲೆ ಅಂತ ನಾವು ನೋಡುವುದು ಉಳಿ ಮುಟ್ಟದ ಜಾಗ. ಅದರ ಸುತ್ತ ರಾತ್ರಿಯನ್ನು ಒಂದೊಂದೇ ಗೆರೆಯಾಗಿ ಕಟ್ಟಬೇಕು. ಮೊದಲು ಒತ್ತೊತ್ತಾಗಿ ಒಂದು ದಿಕ್ಕಿನ ಗೆರೆಗಳು. ಅವುಗಳ ಮೇಲೆ ಅಡ್ಡ ಗೆರೆಗಳು. ಇನ್ನೂ ಕತ್ತಲು ಬೇಕಾದರೆ ಮತ್ತೊಂದು ಪದರ. ಆಕಾಶವನ್ನು ಹತ್ತಿರದಿಂದ ನೋಡಿದರೆ ಅದು ಬಳಿದ ಕಪ್ಪಲ್ಲ, ಹೆಣೆದ ಕಪ್ಪು ಅಂತ ತಿಳಿಯುತ್ತದೆ. ತಗಡನ್ನೆಲ್ಲ ಮೊದಲು ಒರಟು ಮಾಡಿ, ಆಮೇಲೆ ಬೆಳಕು ಬೇಕಾದ ಕಡೆ ಉಜ್ಜಿ ತೆಗೆಯುವ ಮೆಜೊಟಿಂಟ್ ಎಂಬ ಸುಲಭ ದಾರಿಗೆ ಮೊದಲ ಹೆಜ್ಜೆ ಬಿದ್ದದ್ದೇ 1642ರಲ್ಲಿ, ಲುಡ್ವಿಗ್ ಫಾನ್ ಜೀಗನ್ ಎಂಬವನಿಂದ. ಗೌಟ್‌ಗೆ ಆ ದಾರಿ ಇರಲಿಲ್ಲ. ಬರೀ ಗೆರೆಗಳಿಂದ ಇಷ್ಟು ಗಾಢವಾದ ರಾತ್ರಿಯನ್ನು ಅವನಿಗಿಂತ ಮೊದಲು ಮಾಡಿದವರು ತೀರಾ ಕಡಿಮೆ. ಹಾಲೆಂಡಿನ ಕಲಾವಿದರು ಎಲ್ಸ್‌ಹೈಮರ್‌ನನ್ನು ಹೆಚ್ಚಾಗಿ ಕಂಡದ್ದು ಈ ಅಚ್ಚುಗಳ ಮೂಲಕ. ರೆಂಬ್ರಾಂಟ್ ಕೂಡ. ಅವನು 1658ರಲ್ಲಿ ಬರೆದ ಫಿಲೆಮನ್ ಮತ್ತು ಬೌಕಿಸ್‌ರ ಚಿತ್ರದ ಹಿಂದೆ ಗೌಟ್‌ನ ಅಚ್ಚು ಇದೆ.

ಈಗ ಮತ್ತೆ ಆ ನಗುವಿಗೆ. ಓವಿಡ್ ಈ ಕಥೆಯನ್ನು ತಾನೇ ಹೇಳುವುದಿಲ್ಲ. ಇದನ್ನು ಹಾಡುವವಳು ಕಾವ್ಯದ ದೇವತೆ ಕಾಲಿಯೊಪಿ, ಅದೂ ಒಂದು ಸ್ಪರ್ಧೆಯಲ್ಲಿ. ಪಿಯೆರಸ್ ಎಂಬವನ ಒಂಬತ್ತು ಹೆಣ್ಣುಮಕ್ಕಳು, ಕಾಲಿಯೊಪಿ ಮತ್ತು ಅವಳ ಅಕ್ಕತಂಗಿಯರಾದ ಮ್ಯೂಸ್ ದೇವತೆಗಳಿಗೆ ಸವಾಲು ಹಾಕುತ್ತಾರೆ. ದೇವರುಗಳು ರಾಕ್ಷಸನಿಗೆ ಹೆದರಿ ಪ್ರಾಣಿಗಳ ವೇಷ ಹಾಕಿ ಓಡಿದರು ಅಂತ ಹಾಡಿ ಗೇಲಿ ಮಾಡುತ್ತಾರೆ. ಅದಕ್ಕೆ ಉತ್ತರವಾಗಿ ಬರುವುದು ಸೆರೆಸ್‌ಳ ಹಾಡು. ಅದರ ಮಧ್ಯೆ ಈ ಹುಡುಗ. ಕೊನೆಗೆ ಸೋತ ಒಂಬತ್ತು ಜನ ಬಾಯಿಬಡುಕ ಮ್ಯಾಗ್‌ಪೈ ಹಕ್ಕಿಗಳಾಗುತ್ತಾರೆ. ಹಾಡಿನ ನಡುವೆ ಅಸ್ಕಲಾಫಸ್ ಎಂಬ ಇನ್ನೊಬ್ಬನೂ ಬರುತ್ತಾನೆ. ಪ್ರೊಸರ್ಪಿನಾ ಪಾತಾಳದಲ್ಲಿ ದಾಳಿಂಬೆ ತಿಂದಳು ಅಂತ ಚಾಡಿ ಹೇಳಿ ಗೂಬೆಯಾಗುತ್ತಾನೆ. ಬಾಯಿ ತೆರೆದವರಿಗೆಲ್ಲ ಶಿಕ್ಷೆ! ಅದನ್ನು ಹೇಳುತ್ತಿರುವುದು ಗೇಲಿಗೆ ಗುರಿಯಾದವರು. ಹಾಗಾಗಿ ಕಾಲಿಯೊಪಿಯ ತೀರ್ಪನ್ನು ನಾವು ಹಾಗೇ ಒಪ್ಪಬೇಕಾಗಿಲ್ಲ. ಅವಳೂ ಒಂದು ಕಕ್ಷಿಯವಳೇ.

ಇದಕ್ಕಿಂತ ಹಳೆಯ ಗ್ರೀಕ್ ಸ್ತೋತ್ರವೊಂದರಲ್ಲಿ ನಗುವಿನ ಕಥೆಯೇ ಬೇರೆ. ಅಲ್ಲಿ ಡಿಮೀಟರ್ ಒಂದು ಮನೆಯಲ್ಲಿ ಮಾತಿಲ್ಲದೆ, ಅನ್ನ ನೀರಿಲ್ಲದೆ ಕೂತಿರುತ್ತಾಳೆ. ಇಯಾಂಬೆ ಎಂಬ ಆಳು ಹೆಂಗಸು ತಮಾಷೆ ಮಾಡಿ ಅವಳನ್ನು ನಗಿಸುತ್ತಾಳೆ. ಆಮೇಲೆ ದೇವಿ ವೈನ್ ಬೇಡ ಅಂದು, ಬಾರ್ಲಿ ಹಿಟ್ಟು, ನೀರು, ಪುದೀನದ ಜಾತಿಯ ಒಂದು ಸೊಪ್ಪು ಕಲಸಿದ ಪಾನಕ ಕೇಳಿ ಕುಡಿಯುತ್ತಾಳೆ. ಅದೇ ದೇವಿ, ಅದೇ ದುಃಖ, ಹೆಚ್ಚು ಕಡಿಮೆ ಅದೇ ಪಾನಕ. ಅಲ್ಲಿ ನಗು ಔಷಧಿ. ಓವಿಡ್‌ನಲ್ಲಿ ಅದೇ ನಗು ಅಪರಾಧ. ಎಲ್ಸ್‌ಹೈಮರ್‌ಗೆ ಈ ಸ್ತೋತ್ರ ಗೊತ್ತಿರಲು ಸಾಧ್ಯವಿಲ್ಲ. ಅದರ ಹಸ್ತಪ್ರತಿ ಬೆಳಕಿಗೆ ಬಂದದ್ದೇ 18ನೇ ಶತಮಾನದಲ್ಲಿ. ಆದರೆ ನಮಗೆ ಗೊತ್ತು, ಆದ್ದರಿಂದ ಪಕ್ಕದಲ್ಲಿಟ್ಟು ನೋಡಬಹುದು.

ಆ ಕಾಲದವರು ಇಂಥ ಕಥೆಗಳಿಂದ ನೀತಿ ಹಿಂಡುತ್ತಿದ್ದರು. ಕಾರೆಲ್ ವಾನ್ ಮಾಂಡರ್ ಎಂಬವನು 1604ರಲ್ಲಿ ಕಲಾವಿದರಿಗಾಗಿಯೇ ಓವಿಡ್‌ನ ಕಥೆಗಳ ಅರ್ಥ ವಿವರಿಸಿ ಬರೆದ. ಗೌಟ್‌ನ ಅಚ್ಚಿನ ಕೆಳಗೂ ಲ್ಯಾಟಿನ್ ಪದ್ಯ ಇದೆ, ಬಳ್ಳಿ ಬಳ್ಳಿಯಾದ ಅಂದದ ಅಕ್ಷರಗಳಲ್ಲಿ. ‘ದೊಡ್ಡವರನ್ನು ನೋಡಿ ನಗಬೇಡ’ ಅಂತ ಓದಿಕೊಳ್ಳುವುದು ಆಗಿನ ಓದುಗನಿಗೆ ಸಹಜ. ಆದರೆ ಚಿತ್ರ ಅದಕ್ಕೆ ಸಹಕರಿಸುವುದಿಲ್ಲ ಅನ್ನುವುದೇ ನನ್ನ ವಾದ. ನೀತಿ ಹೇಳಬೇಕಾದರೆ ಹಲ್ಲಿಯನ್ನು ತೋರಿಸಬೇಕು. ಇಲ್ಲಿ ಹುಡುಗನ ಮೈ ನುಣುಪಾಗಿದೆ. ಚಿತ್ರದಲ್ಲಿ ಬೆಳಕು ಚೆನ್ನಾಗಿ ಬಿದ್ದಿರುವ ಕಡೆಗಳಲ್ಲಿ ಆ ಮೈಯೂ ಒಂದು. ಚುಕ್ಕೆ ಬೀಳಲಿರುವ ಮೈ ಅದು. ಚಿತ್ರಕಾರ ಅದನ್ನು ಅಕ್ಕರೆಯಿಂದಲೇ ಬರೆದಿದ್ದಾನೆ.

ಇಬ್ಬರು ಕಲಾವಿದರ ಸಂಬಂಧದ ಬಗ್ಗೆ ಎರಡು ಮಾತು. ಎಲ್ಸ್‌ಹೈಮರ್ ತೀರಾ ನಿಧಾನಿ. ಬರೆದದ್ದು ಕಡಿಮೆ, ಸಾಲ ಜಾಸ್ತಿ. ಸಾಲಕ್ಕಾಗಿ ಜೈಲು ಸೇರಿದ್ದ ಅಂತ ಹಳೆಯ ಬರಹಗಳು ಹೇಳುತ್ತವೆ. ಅದರಲ್ಲಿ ಗೌಟ್‌ನ ಕೈವಾಡ ಇತ್ತು ಎಂಬ ಮಾತೂ ಇದೆ. ಈ ಅಚ್ಚು ಹೊರಬಂದ ವರ್ಷದ ಡಿಸೆಂಬರ್‌ನಲ್ಲಿ ಎಲ್ಸ್‌ಹೈಮರ್ ತೀರಿಕೊಂಡ. ವಯಸ್ಸು 32. ಸುದ್ದಿ ತಿಳಿದು ಚಿತ್ರಕಾರ ರೂಬೆನ್ಸ್ 1611ರ ಜನವರಿಯಲ್ಲಿ ರೋಮ್‌ನ ವೈದ್ಯ ಮಿತ್ರ ಯೊಹಾನ್ ಫಾಬರ್‌ಗೆ ಪತ್ರ ಬರೆದ. ಸಣ್ಣ ಆಕೃತಿಗಳಲ್ಲಿ, ನಿಸರ್ಗ ಚಿತ್ರದಲ್ಲಿ ಅವನಿಗೆ ಸಮ ಯಾರೂ ಇರಲಿಲ್ಲ ಅಂದ. ಅವನ ಸೋಮಾರಿತನವನ್ನು ದೇವರು ಕ್ಷಮಿಸಲಿ ಅಂತಲೂ ಅಂದ. ಪ್ರೀತಿಯ ಬೈಗುಳ ಅದು. ಸೆರೆಸ್‌ಳ ಬಣ್ಣದ ಚಿತ್ರವೊಂದು ರೂಬೆನ್ಸ್‌ನ ಸಂಗ್ರಹದಲ್ಲಿತ್ತು. ಈಗ ಅದು ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯದಲ್ಲಿದೆ. ಅದು ಎಲ್ಸ್‌ಹೈಮರ್‌ನ ಕೈಯದೋ, ನೋಡಿ ಬರೆದ ಪ್ರತಿಯೋ ಎಂಬ ಚರ್ಚೆ ನಡೆದಿದೆ. ಅಲ್ಲಿ ಮುದುಕಿಗೆ ಹೆಕ್ಯೂಬಾ ಎಂಬ ಹೆಸರೂ ಅಂಟಿಕೊಂಡಿದೆ, ಓವಿಡ್‌ನಲ್ಲಿ ಇಲ್ಲದ ಹೆಸರು.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು: ‘ಮುದುಕಿಯದೇನು ತಪ್ಪು ಸಾರ್? ಉಪಕಾರ ಮಾಡಿ ಹುಡುಗನನ್ನು ಕಳೆದುಕೊಂಡಳಲ್ಲ?’ ಆ ಹುಡುಗ ಅವಳ ಮಗನೋ ಮೊಮ್ಮಗನೋ ಅಂತ ಓವಿಡ್ ಹೇಳುವುದಿಲ್ಲ. ಆದರೆ ಅವಳು ಅತ್ತಳು ಅಂತ ಹೇಳುತ್ತಾನೆ. ಮಗಳನ್ನು ಹುಡುಕುತ್ತಾ ಬಂದ ತಾಯಿ ಇನ್ನೊಬ್ಬಳ ಕೈಯಿಂದ ಮಗುವನ್ನು ಕಿತ್ತುಕೊಂಡು, ಮತ್ತೆ ತನ್ನ ಮಗಳನ್ನು ಹುಡುಕಲು ಹೊರಟಳು. ಓವಿಡ್ ಇದರ ಬಗ್ಗೆ ಒಂದು ಮಾತನ್ನೂ ಆಡುವುದಿಲ್ಲ. ಚಿತ್ರದಲ್ಲಿ ಮುದುಕಿ ಹುಡುಗನನ್ನು ಗದರಿಸುತ್ತಿಲ್ಲ. ಅವಳ ಗಮನವೆಲ್ಲ ಕುಡಿಯುತ್ತಿರುವವಳ ಮೇಲೆ. ನನ್ನ ಕಣ್ಣು ಕೊನೆಗೆ ನಿಲ್ಲುವುದು ಇವಳ ಮೇಲೆಯೇ.

ಇನ್ನೊಬ್ಬರು, ಇದನ್ನು ಎಲ್ಲಿ ನೋಡಬಹುದು ಅಂತ ಕೇಳಿದರು. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ನ್ಯೂಯಾರ್ಕಿನ ಮೆಟ್ರೊಪಾಲಿಟನ್, ಮೂರರಲ್ಲೂ ಪ್ರತಿಗಳಿವೆ. ಅವರ ಜಾಲತಾಣಗಳಲ್ಲಿ ದೊಡ್ಡದು ಮಾಡಿ ನೋಡಬಹುದು. ಎರಡು ಮೂರು ಪ್ರತಿಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳಿ. ತಾಮ್ರ ಮೆದು ಲೋಹ. ಒತ್ತಿದಷ್ಟೂ ಗೆರೆ ಸವೆಯುತ್ತದೆ. ಮೊದಮೊದಲು ಒತ್ತಿದ ಪ್ರತಿಯಲ್ಲಿ ರಾತ್ರಿ ಮಖಮಲ್ಲಿನಷ್ಟು ಕಪ್ಪಾಗಿರುತ್ತದೆ, ತಡವಾಗಿ ಒತ್ತಿದ್ದರಲ್ಲಿ ಬೂದು ಬೂದಾಗುತ್ತದೆ. ಅಂಥ ಪ್ರತಿಯಲ್ಲಿ ಹಿಂದಿನ ಮರ, ಗುಡಿಸಲು ಎಲ್ಲ ಸುಲಭವಾಗಿ ಕಾಣುತ್ತವೆ. ಆದರೆ ನಾನು ಹೇಳಿದ ಕತ್ತಲೆಯ ವಾದ ಅದರ ಮುಂದೆ ನಿಲ್ಲುವುದಿಲ್ಲ. ಕೆಳಗಿನ ಅಂಚನ್ನೂ ನೋಡಿ. ಹಿಂದಿನ ಸಂಗ್ರಹಕಾರರಿಗೆ ಅಂಚು ಕತ್ತರಿಸುವ ಚಟ ಇತ್ತು. ಪದ್ಯವನ್ನೇ ಕತ್ತರಿಸಿ ಹಾಕಿದ ಪ್ರತಿ ಸಿಕ್ಕರೆ ಅದು ಬೇರೆ ಚಿತ್ರ ಅಂದುಕೊಳ್ಳಬೇಡಿ.